ಮಳೆಯನ್ನು ಯಾರು ಹಿಡಿದರು? ಕಾಫಿ ತೋಟದಲ್ಲಿ ಒಂದು ಅನುವಾದ ಆ್ಯಪ್

ಕನ್ನಡದಲ್ಲಿ ಮಾತಾಡಿದರೆ ಬೇರೆ ಭಾಷೆಗೆ ತಿರುಗಿಸಿ ಹೇಳುವ ಆ್ಯಪ್‌ಗಳ ಬಗ್ಗೆ ಬೆಂಗಳೂರಿನವರು ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಕ್ಯಾಬ್ ಡ್ರೈವರ್ ಹತ್ತಿರ ಮಾತಾಡಿದೆ, ಹೋಟೆಲ್ ಬೋರ್ಡ್ ಓದಿದೆ, ಸೂಪರ್, ಐದು ಸ್ಟಾರ್. ಆದರೆ ಕಾಫಿ ತೋಟದಲ್ಲಿ, ಅದೂ ಕೊಡಗಿನ ಮಳೆಗಾಲದಲ್ಲಿ ಇದು ಎಷ್ಟರ ಮಟ್ಟಿಗೆ ನಡೆಯುತ್ತೆ ಅಂತ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಆ್ಯಪ್ ಹೆಸರು ಹಾಕುವುದಿಲ್ಲ. ಇಂಥವು ನಾಲ್ಕೈದು ಇವೆ, ಎಲ್ಲದರ ಹಣೆಬರಹವೂ ಹೆಚ್ಚುಕಡಿಮೆ ಒಂದೇ. ನಾನು ಬಳಸುತ್ತಿರುವುದು ಉಚಿತವಾಗಿ ಸಿಗುವಂಥದ್ದು, ಮೈಕ್ ಒತ್ತಿ ಮಾತಾಡಿದರೆ ಸಾಕು, ಟೈಪ್ ಮಾಡುವ ಕಷ್ಟವೂ ಇಲ್ಲ.

ನಮ್ಮದು ಸೋಮವಾರಪೇಟೆ ಕಡೆ. ಸ್ವಲ್ಪ ಕಾಫಿ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಮನೆಗೆ ಅಂಟಿಕೊಂಡಂತೆ ಎರಡು ರೂಮಿನ ಹೋಂಸ್ಟೇ. ತೋಟದ ಕೆಲಸಕ್ಕೆ ಮೊದಲು ಊರಿನವರೇ ಬರುತ್ತಿದ್ದರು. ಈಗ ಲೈನ್ ಮನೆಯಲ್ಲಿ, ಅಂದರೆ ಕೆಲಸದವರಿಗೆ ತೋಟದಲ್ಲೇ ಕಟ್ಟಿಸಿದ ಸಾಲು ಮನೆಯಲ್ಲಿ ಇರುವವರು ಅಸ್ಸಾಂ, ಬಂಗಾಳದ ಕಡೆಯವರು. ನಮ್ಮಲ್ಲಿ ಮಾತ್ರ ಹೀಗೆ ಅಂತಲ್ಲ, ಕೊಡಗಿನ ಎಷ್ಟೋ ತೋಟಗಳಲ್ಲಿ ಇದೇ ಕತೆ. ಅವರ ಹಿಂದಿ ಅಷ್ಟಕ್ಕಷ್ಟೆ, ನನ್ನ ಹಿಂದಿ ದೂರದರ್ಶನದ ಕಾಲದ್ದು. ಹೋಂಸ್ಟೇಗೆ ಬರುವವರಲ್ಲಿ ಅರ್ಧಕ್ಕರ್ಧ ಜನರಿಗೆ ಕನ್ನಡ ಬರುವುದಿಲ್ಲ. ಹಾಗಾಗಿ ಫೋನ್ ದಿನವಿಡೀ ನನ್ನ ಸೊಂಟದಲ್ಲೇ ಇರುತ್ತೆ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ಲೆಕ್ಕ, ಹೊತ್ತು, ದರ, ಊಟ, ದಾರಿ ಇವಕ್ಕೆಲ್ಲ ಆ್ಯಪ್ ಸಾಕು. "ನಾಳೆ ಎಂಟು ಗಂಟೆಗೆ ಬನ್ನಿ" ಅಂದರೆ ಅವರು ಎಂಟಕ್ಕೇ ಬರುತ್ತಾರೆ. ಕಡಂಬುಟ್ಟು ಅಂದರೇನು ಅಂತ ಕೇಳಿದ ಪುಣೆಯ ಹುಡುಗಿಗೆ "ಅಕ್ಕಿ ತರಿಯಲ್ಲಿ ಮಾಡಿ ಹಬೆಯಲ್ಲಿ ಬೇಯಿಸಿದ ಉಂಡೆ" ಅಂತ ಹೇಳಿದ್ದು ಸರಿಯಾಗಿ ಹೋಯಿತು. ದನಿಯೂ ಚೆನ್ನಾಗಿದೆ, ಹಿಂದಿ ಹೇಳುವ ಹೆಂಗಸಿನ ದನಿಗೆ ನಮ್ಮ ಲೈನ್ ಮನೆ ಮಕ್ಕಳು "ಫೋನ್ ದೀದಿ" ಅಂತ ಹೆಸರಿಟ್ಟಿದ್ದಾರೆ.

ಎಡವುವುದು ಒಂದೇ ಒಂದು ಮಾತಿನಲ್ಲಿ. "ಹಿಡಿ". ಇದೊಂದು ಕ್ರಿಯಾಪದ ಬಂತು ಅಂದರೆ ಫೋನ್ ದೀದಿಗೆ ದಿಕ್ಕು ತಪ್ಪುತ್ತೆ. ಒಂದು ಕ್ರಿಯಾಪದ ತಪ್ಪಿದರೆ ಏನು ಮಹಾ ಅಂತ ಅನ್ನಿಸಬಹುದು. ಜುಲೈ ತಿಂಗಳಲ್ಲಿ ನಮ್ಮ ಕಡೆಯ ಯಾರ ಮಾತನ್ನಾದರೂ ಕಾಲು ಗಂಟೆ ಕಿವಿಗೊಟ್ಟು ಕೇಳಿ. ಮಳೆ ಹಿಡಿದಿದೆ. ಬಟ್ಟೆಗೆ ಬೂಷ್ಟು ಹಿಡಿದಿದೆ. ಕತ್ತಿಗೆ ತುಕ್ಕು ಹಿಡಿದಿದೆ. ಮಗುವಿಗೆ ಶೀತ ಹಿಡಿದಿದೆ. ಫೋನ್ ನೆಟ್‌ವರ್ಕ್ ಹಿಡಿಯುತ್ತಿಲ್ಲ. ಸೌದೆ ಹಸಿ, ಬೆಂಕಿ ಹಿಡಿಯುತ್ತಿಲ್ಲ. ಅನ್ನ ತಳ ಹಿಡಿಯಿತು. ಗದ್ದೆಗೆ ಏಡಿ ಹಿಡಿಯೋಕೆ ಹೋಗಿದ್ದಾರೆ. ಬಸ್ ಹಿಡಿಯಬೇಕು, ಛತ್ರಿ ಹಿಡಿ. ಇಷ್ಟೂ ಒಂದೇ ಕ್ರಿಯಾಪದ. ಮಳೆಗಾಲದ ಕೊಡಗು ನಡೆಯುವುದೇ ಇದರ ಮೇಲೆ.

ಮೊದಲ ಪೆಟ್ಟು ಬಿದ್ದದ್ದು ಮಳೆಯಲ್ಲೇ. "ಮಳೆ ಹಿಡಿದಿದೆ, ಇವತ್ತು ತೋಟದ ಕೆಲಸ ಬೇಡ" ಅಂತ ಹೇಳಿದೆ. ಆ್ಯಪ್ ಹಿಂದಿಯಲ್ಲಿ "ಬಾರಿಶ್ ಪಕಡೀ ಗಯೀ ಹೈ" ಅಂತು. ಅಂದರೆ ಮಳೆಯನ್ನು ಯಾರೋ ಹಿಡಿದು ಹಾಕಿದ್ದಾರೆ, ಕಳ್ಳನನ್ನು ಹಿಡಿದ ಹಾಗೆ. ಗೋಣಿಚೀಲ ತಲೆಗೆ ಹಾಕಿಕೊಂಡು ನಿಂತಿದ್ದ ಹುಡುಗ ಸುರಿಯುತ್ತಿದ್ದ ಸೂರಿನ ನೀರು ನೋಡಿದ, ನನ್ನ ಮುಖ ನೋಡಿದ, "ಕಿಸ್ನೇ ಪಕಡೀ?" ಅಂತ ಕೇಳಿದ. ಯಾರು ಹಿಡಿದದ್ದು ಅಂತ! ನನಗೆ ನಗು ತಡೆಯಲಿಲ್ಲ, ಅವನಿಗೂ. ಕೆಲಸ ಬೇಡ ಅನ್ನುವ ಎರಡನೇ ಅರ್ಧ ಸರಿಯಾಗಿ ಮುಟ್ಟಿದ್ದರಿಂದ ತೊಂದರೆ ಏನೂ ಆಗಲಿಲ್ಲ.

ಆದರೆ ಮಳೆ "ಬರುವುದಕ್ಕೂ" ಮಳೆ "ಹಿಡಿಯುವುದಕ್ಕೂ" ವ್ಯತ್ಯಾಸ ಇದೆ ಅಲ್ವಾ. ಬಂದ ಮಳೆ ಹೋಗುತ್ತೆ. ಹಿಡಿದ ಮಳೆ ಹೋಗುವ ಲಕ್ಷಣ ತೋರಿಸುವುದಿಲ್ಲ, ಹಗಲು ರಾತ್ರಿ ಒಂದೇ ಸಮ ಕೂತುಬಿಡುತ್ತೆ. 2018ರ ಆಗಸ್ಟ್ ನೋಡಿದ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳುವುದು ಬೇಕಿಲ್ಲ. "ಮಳೆ ಬರುತ್ತಿದೆ" ಅಂತ ಆ್ಯಪ್‌ಗೆ ಹೇಳಿದರೆ ಅದು ಸರಿಯಾಗಿಯೇ ಹೇಳುತ್ತೆ, ಆದರೆ ನಾನು ಹೇಳಬೇಕಾಗಿದ್ದು ಅದಾಗಿರಲಿಲ್ಲ.

ಆಮೇಲೆ ಹೋಂಸ್ಟೇ ಕಡೆಯ ಕತೆ. ಮಲ್ಲಳ್ಳಿ ಜಲಪಾತ ನೋಡಿಕೊಂಡು ಬಂದವರಲ್ಲಿ ಒಬ್ಬರ ಹಿಮ್ಮಡಿ ಮೇಲೆ ಜಿಗಣೆ. ಮಳೆಗಾಲದಲ್ಲಿ ಆ ಮೆಟ್ಟಿಲು ಇಳಿದು ಹತ್ತಿ ಬಂದವರಿಗೆ ಅದೇನು ಹೊಸದಲ್ಲ. ನಾನು ಫೋನ್ ಮುಂದೆ "ನೋಡಿ, ಜಿಗಣೆ ಹಿಡಿದಿದೆ" ಅಂದೆ. ಆ್ಯಪ್ ಇಂಗ್ಲಿಷ್‌ನಲ್ಲಿ ಹೇಳಿದ್ದು ಜಿಗಣೆಯನ್ನು ಹಿಡಿಯಲಾಗಿದೆ ಅಂತ. ಆಯಮ್ಮ ಖುಷಿಯಿಂದ ಎಲ್ಲಿ ತೋರಿಸಿ ಅಂತ ನನ್ನ ಕೈ ನೋಡುತ್ತಿದ್ದರು. ನಾನು ಅವರ ಕಾಲು ತೋರಿಸಿದೆ. ಆಮೇಲಿನ ಕೂಗನ್ನು ಅನುವಾದ ಮಾಡಬೇಕಾಗಿ ಬರಲಿಲ್ಲ. ಉಪ್ಪು ಹಾಕಿದೆ, ಬಿಟ್ಟಿತು. ಅಂದಹಾಗೆ ಅದೇ ಜಿಗಣೆಗೆ ಇಂಬಳ ಅಂತ ಹೇಳಿ ನೋಡಿದೆ, ಆ್ಯಪ್‌ಗೆ ಆ ಪ್ರಾಣಿಯ ಪರಿಚಯವೇ ಇಲ್ಲ.

ಇದು ಯಾಕೆ ಹೀಗೆ ತಲೆಕೆಳಗಾಗುತ್ತೆ ಅಂತ ಕೂತು ಯೋಚಿಸಿದೆ. ನಾವು ಮಾತಾಡುವಾಗ "ಮೀನನ್ನು ಹಿಡಿದ" ಅಂತ ಯಾರು ಹೇಳುತ್ತಾರೆ? "ಮೀನು ಹಿಡಿದ" ಅಂತೀವಿ. ಮನುಷ್ಯರಲ್ಲದ ಹೆಸರು ಬಂದಾಗ "ಅನ್ನು" ಬಿಟ್ಟುಬಿಡುವುದು ಕನ್ನಡಕ್ಕೆ ರೂಢಿ. ಹಾಗಾಗಿ "ಜಿಗಣೆ ಹಿಡಿದಿದೆ" ಅನ್ನುವುದನ್ನು ಎರಡು ಕಡೆಯಿಂದಲೂ ಓದಬಹುದು. ಜಿಗಣೆಯೇ ಹಿಡಿದಿರಬಹುದು, ಜಿಗಣೆಯನ್ನು ಬೇರೆ ಏನೋ ಹಿಡಿದಿರಬಹುದು. ಕಾಲು ಕಣ್ಣ ಮುಂದೆ ಇದ್ದವರಿಗೆ ಗೊಂದಲವೇ ಇಲ್ಲ. ಫೋನಿಗೆ ಕಾಲು ಕಾಣುವುದಿಲ್ಲವಲ್ಲ, ಅದು ಹಿಡಿಯುವ ಕೆಲಸ ಮನುಷ್ಯರದ್ದೇ ಅಂತ ಊಹೆ ಮಾಡುತ್ತೆ. ಆದರೂ ಒಂದು ಸುಳಿವು ಅದಕ್ಕೆ ಸಿಗಬೇಕಿತ್ತು: "ಹಿಡಿದಿದೆ" ಅನ್ನುವ ಕೊನೆ. ಮನುಷ್ಯರು ಹಿಡಿದಿದ್ದರೆ ಹಿಡಿದಿದ್ದಾನೆ, ಹಿಡಿದಿದ್ದಾರೆ, ಹಿಡಿದಿದ್ದೇನೆ ಅಂತ ಬರುತ್ತಿತ್ತು. ಇಷ್ಟು ಸಣ್ಣ ಕನ್ನಡ ವ್ಯಾಕರಣ ಗೊತ್ತಿದ್ದರೆ ಆಯಮ್ಮನ ಕೂಗು ಅರ್ಧ ನಿಮಿಷ ಮೊದಲೇ ಕೇಳಿಸುತ್ತಿತ್ತು.

ಇನ್ನೊಂದು ಸುಳಿವು "ಗೆ/ಕ್ಕೆ". ಕತ್ತಿಗೆ ತುಕ್ಕು, ಮಗುವಿಗೆ ಶೀತ, ಗೋಡೆಗೆ ಬೂಷ್ಟು, ನನಗೆ ಹುಚ್ಚು. ಯಾರಿಗೋ ಯಾವುದಕ್ಕೋ ಏನೋ ಬಂದು ಹಿಡಿಯುವ ಕಡೆ ಹೆಚ್ಚಾಗಿ ಈ ಪ್ರತ್ಯಯ ಇರುತ್ತೆ. ಹಾಗೆ ನೋಡಿದರೆ "ಹಿಡಿ"ಗೆ ಅರ್ಥ ಲೆಕ್ಕವಿಲ್ಲದಷ್ಟು ಅಂತ ಕಂಡರೂ ದೊಡ್ಡ ಭಾಗ ಎರಡೇ. ನಾವು ಹೋಗಿ ಹಿಡಿಯುವುದು ಒಂದು, ನಮಗೆ ಬಂದು ಹಿಡಿಯುವುದು ಇನ್ನೊಂದು. ಕನ್ನಡ ಎರಡಕ್ಕೂ ಒಂದೇ ಕ್ರಿಯಾಪದ ಇಟ್ಟುಕೊಂಡಿದೆ. ಹಿಂದಿ ಹೆಚ್ಚಿನ ಕಡೆ ಎರಡು ಮಾಡಿಕೊಂಡಿದೆ. ಮೀನು ಹಿಡಿದರೆ, ಬಸ್ ಹಿಡಿದರೆ ಪಕಡ್‌ನಾ. ತುಕ್ಕು ಹಿಡಿದರೆ, ಚಳಿ ಹಿಡಿದರೆ, ಹೊತ್ತು ಹಿಡಿದರೆ ಲಗ್‌ನಾ. ಜಂಗ್ ಲಗಾ, ಠಂಡ್ ಲಗೀ, ದೋ ಘಂಟೇ ಲಗೇಂಗೇ. ಹಿಂದಿ ಕಲಿಯುವ ನಮ್ಮವರಿಗೆ ಇದೊಂದು ಗೊತ್ತಾದರೆ ಅರ್ಧ ಗೆದ್ದ ಹಾಗೆ. ಆ್ಯಪ್‌ಗೆ ಇದು ಅರ್ಧಂಬರ್ಧ ಗೊತ್ತು. ಹೊತ್ತಿನ ವಿಷಯ ಬಂದಾಗ ತಪ್ಪುವುದಿಲ್ಲ, "ಮಡಿಕೇರಿಗೆ ಎಷ್ಟು ಹೊತ್ತು ಹಿಡಿಯುತ್ತೆ" ಅಂದರೆ ಲಗ್‌ನಾ ಅಂತಲೇ ಹೇಳುತ್ತೆ. "ಬೆಳಗ್ಗೆಯಿಂದ ಹಿಡಿದು ಸಂಜೆವರೆಗೆ" ಅನ್ನುವುದನ್ನೂ ಸರಿಯಾಗಿ ದಾಟಿಸುತ್ತೆ, ಅಲ್ಲಿ ಏನನ್ನೂ ಹಿಡಿಯುತ್ತಿಲ್ಲ ಅಂತ ಅದಕ್ಕೆ ಹೇಗೋ ಅರ್ಥವಾಗಿದೆ. ಪತ್ರಿಕೆಯಲ್ಲಿ, ಪುಸ್ತಕದಲ್ಲಿ ಜಾಸ್ತಿ ಬರುವ ಬಳಕೆಗಳಲ್ಲಿ ಅದು ಪಾಸಾಗುತ್ತೆ. ಅಡುಗೆಮನೆ, ತೋಟದ ಬಳಕೆಗಳಲ್ಲಿ ಫೇಲು. ಅದು ಕಲಿತದ್ದೇ ಬರೆದಿಟ್ಟ ಕನ್ನಡದಿಂದ ಇರಬೇಕು. ನಮ್ಮ ಮಾತನ್ನು ಬರೆದಿಟ್ಟವರು ಕಡಿಮೆ, ಇನ್ನೇನಾಗುತ್ತೆ.

ಸೊಂಟದ ಕತೆ ಹೇಳಲೇಬೇಕು. ಮೆಣಸಿನ ಚೀಲ ಎತ್ತಿ ನನಗೆ ಸೊಂಟ ಹಿಡಿದುಕೊಂಡಿತ್ತು. ಕೆಲಸದ ಹೆಂಗಸರಿಗೆ "ನನಗೆ ಸೊಂಟ ಹಿಡಿದಿದೆ, ನೀವೇ ಎತ್ತಿಡಿ" ಅಂತ ಆ್ಯಪ್ ಮೂಲಕ ಹೇಳಿದೆ. ಅದು ಹೇಳಿದ್ದು ಯಾರೋ ನನ್ನ ಸೊಂಟ ಹಿಡಿದಿದ್ದಾರೆ ಅಂತ. ಮೂವರೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು, ಹಿಂದೆ ನಿಂತಿದ್ದ ನಮ್ಮನೆಯವರನ್ನು ನೋಡಿಕೊಂಡು ಇನ್ನಷ್ಟು ನಕ್ಕರು. ಚೀಲ ಮಾತ್ರ ಅಲ್ಲೇ ಇತ್ತು.

ನಗುವ ವಿಷಯ ಅಲ್ಲದ್ದೂ ಇದೆ. ತೋಟದಲ್ಲಿ ಮುಂಗಡ ಕೊಡುವುದು, ಆಮೇಲೆ ವಾರದ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪ ಹಿಡಿದುಕೊಳ್ಳುವುದು ಎಲ್ಲ ಕಡೆ ಇರುವ ಪದ್ಧತಿ. "ಈ ವಾರ ಮುಂಗಡದಲ್ಲಿ ಐನೂರು ಹಿಡಿದುಕೊಳ್ಳುತ್ತೇನೆ" ಅಂತ ಹೇಳಿದರೆ ನಮ್ಮೂರಿನ ಯಾರಿಗಾದರೂ ಗೊತ್ತಾಗುತ್ತೆ. ಹಿಂದಿಯಲ್ಲಿ ಇದಕ್ಕೆ ಕಾಟ್‌ನಾ ಅನ್ನುತ್ತಾರೆ, ಸಂಬಳದಲ್ಲಿ ಕಡಿಯುವುದು. ಆ್ಯಪ್ ಹೇಳಿದ್ದು ಐನೂರು ರೂಪಾಯಿ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ ಅನ್ನುವ ಅರ್ಥದಲ್ಲಿ. ಸಾಲಕ್ಕೆ ವಜಾ ಆಗುತ್ತೆ ಅನ್ನುವುದು ಬರಲೇ ಇಲ್ಲ. ದುಡಿದ ದುಡ್ಡನ್ನು ಈಯಮ್ಮ ಸುಮ್ನೆ ಇಟ್ಟುಕೊಳ್ಳುತ್ತಾಳೆ ಅಂತ ಆ ಹುಡುಗನಿಗೆ ಅನ್ನಿಸಿದ್ದರಲ್ಲಿ ಏನೂ ತಪ್ಪಿಲ್ಲ. ಮೇಸ್ತ್ರಿ ಬಂದು ನೋಟ್‌ಬುಕ್ ತೆರೆದು, ಕೊಟ್ಟದ್ದು ಇಷ್ಟು, ತೀರಿದ್ದು ಇಷ್ಟು, ಉಳಿದದ್ದು ಇಷ್ಟು ಅಂತ ಬೆರಳಿಟ್ಟು ತೋರಿಸಿದ ಮೇಲೆ ಮುಖ ಸಡಿಲವಾಯಿತು. ದುಡ್ಡಿನ ಮಾತಿಗೆ ಈಗ ನಾನು ಆ್ಯಪ್ ಬಳಸುವುದಿಲ್ಲ. ಅಂಕಿ ಬರೆದು ತೋರಿಸುತ್ತೇನೆ.

ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಆನೆ. ಕೊಡಗಿನಲ್ಲಿ ತೋಟಕ್ಕೆ ಆನೆ ಬರುವುದು ಗೊತ್ತಿರುವ ವಿಷಯವೇ. ಪಕ್ಕದ ತೋಟದವರು ಬೆಳಗಿನ ಜಾವ ಫೋನ್ ಮಾಡಿ "ಆನೆ ನಿಮ್ಮ ಲೈನ್ ಮನೆ ದಾರಿ ಹಿಡಿದಿದೆ" ಅಂದರು. ಅದೇ ವಾಕ್ಯವನ್ನು ಆ್ಯಪ್‌ಗೆ ಕೊಟ್ಟು ಲೈನ್ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಮೊದಲು ಒಮ್ಮೆ ಓದಿದೆ. ಲೈನ್ ಮನೆ ದಾರಿಯಲ್ಲಿ ಆನೆ ಸೆರೆ ಸಿಕ್ಕಿದೆ ಅಂತಿತ್ತು! ದುಬಾರೆ, ಮತ್ತಿಗೋಡು ಶಿಬಿರದ ಸಾಕಾನೆಗಳನ್ನು ತಂದು ಪುಂಡಾನೆ ಹಿಡಿಯುವುದು ನಮ್ಮ ಕಡೆ ಆಗಾಗ ಸುದ್ದಿಯಾಗುತ್ತೆ, ಹಾಗಾಗಿ ಇದನ್ನು ಓದಿದವರು ನಂಬದೇ ಇರಲು ಕಾರಣವೇ ಇಲ್ಲ. ಆನೆ ಸೆರೆಯಾಗಿದೆ ಅಂದರೆ ಜನ ಏನು ಮಾಡುತ್ತಾರೆ? ಮೊಬೈಲ್ ಎತ್ತಿಕೊಂಡು ನೋಡೋಕೆ ಹೊರಗೆ ಬರುತ್ತಾರೆ. ಒಳಗೆ ಇರಿ ಅಂತ ಹೇಳಬೇಕಾದ ಸಂದೇಶ ಹೊರಗೆ ಕರೆಯುತ್ತಿತ್ತು. ಅದನ್ನು ಅಳಿಸಿ "ಹಾಥೀ ಆ ರಹಾ ಹೈ, ಬಾಹರ್ ಮತ್ ಆನಾ" ಅಂತ ನನ್ನ ದೂರದರ್ಶನದ ಹಿಂದಿಯಲ್ಲೇ ಹಾಕಿದೆ. ಒಂದು ಸ್ಟಾರ್ ನಾನು ಕಿತ್ತುಕೊಂಡಿದ್ದು ಇದೇ ಜಾಗದಲ್ಲಿ. ಅಪಾಯದ ಮಾತಿಗೆ ಯಾವ ಆ್ಯಪ್ ಆದರೂ ಸರಿ, ಚಿಕ್ಕ ವಾಕ್ಯ ಮಾಡಿ, ಬರುವುದು ಹೋಗುವುದು ಅನ್ನುವಂಥ ಮಾತು ಬಳಸಿ, ಹಿಡಿ ಬಿಡಿ ಸಹವಾಸ ಬೇಡ.

ಬಿಡಿ ಅಂದಾಗ ನೆನಪಾಯಿತು. "ಹಿಡಿ"ಯ ಜೋಡಿ "ಬಿಡು" ಕೂಡ ಕಡಿಮೆಯೇನಲ್ಲ. ಮಳೆ ಬಿಟ್ಟಿದೆ ಅಂದರೆ ನಿಂತಿದೆ, ನಲ್ಲಿಯಲ್ಲಿ ನೀರು ಬಿಟ್ಟಿದ್ದಾರೆ ಅಂದರೆ ಶುರುವಾಗಿದೆ. ಇದರ ಮಜಾ ಪೂರ್ತಿ ಕಾಣಬೇಕಾದರೆ ಬೇಸಿಗೆಯ ಕಾಫಿ ತೋಟಕ್ಕೆ ಬರಬೇಕು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೂ ಮಳೆ ಬೀಳುತ್ತೆ, ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕುತ್ತೇವೆ. ವಾರ ಹತ್ತು ದಿನಕ್ಕೆ ಗಿಡ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಾಗುತ್ತೆ. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಕಾಯಿ ಹಿಡಿದಿದೆಯಾ? ಹೂ ಬಿಡುವುದು, ಕಾಯಿ ಹಿಡಿಯುವುದು. ಗಿಡ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತೆ ಅಂತ ನಮ್ಮ ಹಿರಿಯರು ಎಷ್ಟು ಚೆಂದ ನೋಡಿದ್ದಾರೆ! ಆ್ಯಪ್‌ನ ಇಂಗ್ಲಿಷ್‌ನಲ್ಲಿ ಗಿಡ ಹೂವನ್ನು ತೊರೆದು ಕೈಯಲ್ಲಿ ಕಾಯಿ ಇಟ್ಟುಕೊಂಡು ನಿಂತಿತ್ತು.

ಈಗ ಸ್ವಾರಸ್ಯಕ್ಕೆ ಬರುತ್ತೇನೆ. ಹಿಂದಿಯಲ್ಲಿ ಸೋತ ಮೇಲೆ ಸುಮ್ನೆ ಇರಲಿ ಅಂತ ಬಾಂಗ್ಲಾಕ್ಕೆ ಬದಲಾಯಿಸಿದೆ. ನಮ್ಮಲ್ಲಿ ಇರುವವರಲ್ಲಿ ಕೆಲವರ ಮನೆಮಾತು ಅದೇ. "ಕಾಯಿ ಹಿಡಿದಿದೆ" ಅಂದೆ. "ಫಲ್ ಧೊರೇಛೆ" ಅಂತು. ಆ ಹೆಂಗಸು ಗಿಡ ಮುಟ್ಟಿ ತಲೆಯಾಡಿಸಿದಳು. "ಕತ್ತಿಗೆ ತುಕ್ಕು ಹಿಡಿದಿದೆ" ಅಂದೆ. "ಮೊರ್ಚೆ ಧೊರೇಛೆ". ಅದೂ ಸರಿ. ಬಾಂಗ್ಲಾದಲ್ಲಿ ಮೀನು ಹಿಡಿಯೋದಕ್ಕೂ ಧೊರಾ, ಬಸ್ ಹಿಡಿಯೋದಕ್ಕೂ ಧೊರಾ, ತುಕ್ಕು ಹಿಡಿಯೋದಕ್ಕೂ ಧೊರಾ, ಕಾಯಿ ಹಿಡಿಯೋದಕ್ಕೂ ಧೊರಾ. ತಲೆನೋವು ಬಂದರೂ "ಮಾಥಾ ಧೊರೇಛೆ" ಅನ್ನುತ್ತಾರೆ, ತಲೆ ಹಿಡಿದಿದೆ ಅಂತ. ಎಲ್ಲಿಯ ಬಂಗಾಳ, ಎಲ್ಲಿಯ ಸೋಮವಾರಪೇಟೆ! ಪದಕ್ಕೆ ಪದ ಇಟ್ಟರೂ ಅಲ್ಲಿ ಹೊಂದುತ್ತೆ. ನಡುವೆ ಹಿಂದಿಯನ್ನು ತಂದು ಕೂರಿಸಿದ್ದರಿಂದಲೇ ಇಷ್ಟು ರಾದ್ಧಾಂತ ಆಗುತ್ತಿತ್ತು. ನಿಮ್ಮ ತೋಟದಲ್ಲಿ ಆ ಕಡೆಯವರು ಇದ್ದರೆ ಅವರ ಮನೆಮಾತು ಯಾವುದು ಅಂತ ಕೇಳಿ ಅದನ್ನೇ ಆರಿಸಿ. ಎಲ್ಲರಿಗೂ ಹಿಂದಿ ಸಾಕು ಅನ್ನುವ ಅಭ್ಯಾಸ ನಮ್ಮದು, ಅದು ಸರಿಯಲ್ಲ.

ಮಲಯಾಳದಲ್ಲಿ ಇನ್ನೂ ಸಲೀಸು. ಸುಂಟಿಕೊಪ್ಪ, ಕುಶಾಲನಗರ, ಮಡಿಕೇರಿ ಎಲ್ಲಿ ಹೋದರೂ ಮಲಯಾಳ ಮಾತಾಡುವ ಅಂಗಡಿಯವರು ಇದ್ದಾರೆ, ಅವರ ಕನ್ನಡಕ್ಕೆ ಆ್ಯಪ್ ಬೇಕಾಗಿಲ್ಲ, ಆದರೂ ಪರೀಕ್ಷೆ ಮಾಡೋಣ ಅಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತು ನೋಡಿದೆ. ತುಕ್ಕು ಹಿಡಿದರೆ "ತುರುಂಬ್ ಪಿಡಿಚ್ಚು", ಬೆಂಕಿ ಹಿಡಿದರೆ "ತೀ ಪಿಡಿಚ್ಚು", ಜ್ವರ ಹಿಡಿದರೆ "ಪನಿ ಪಿಡಿಚ್ಚು". ತಮಿಳಿನಲ್ಲಿ "ಎನಕ್ಕು ಪಿಡಿಕ್ಕುಂ" ಅಂದರೆ ನನಗೆ ಇಷ್ಟ, ನಮ್ಮ "ಹಿಡಿಸುತ್ತೆ" ಇದ್ದ ಹಾಗೆ. ಎಲ್ಲ ಒಂದೇ ಬೇರು. ಹಳಗನ್ನಡದಲ್ಲಿ ನಮ್ಮದೂ "ಪಿಡಿ"ಯೇ ಆಗಿತ್ತು, ಆಮೇಲೆ ಪಕಾರ ಹಕಾರ ಆಗಿ ಹಿಡಿ ಆಯಿತು, ಪಾಲು ಹಾಲು ಆದ ಹಾಗೆ. ಕೊಡವ ತಕ್ಕ್‌ನಲ್ಲಿ ಅಂದರೆ ಕೊಡವರ ಭಾಷೆಯಲ್ಲಿ ಆ ಪಕಾರ ಹಾಗೇ ಉಳಿದಿದೆ. ನಾವು ಹುತ್ತರಿ ಅನ್ನುವ ಸುಗ್ಗಿ ಹಬ್ಬಕ್ಕೆ ಅವರು ಪುತ್ತರಿ ಅನ್ನುತ್ತಾರಲ್ಲ, ಹಾಗೇ ನಮ್ಮ ಹಿಡಿ ಅವರಲ್ಲಿ "ಪುಡಿ". ಪಕ್ಕದ ತೋಟದ ಕೊಡವ ಹಿರಿಯರು ಆ್ಯಪ್ ಮುಂದೆ ಅವರ ಭಾಷೆಯಲ್ಲಿ ಮೀನು ಹಿಡಿಯುವ ಮಾತು ಹೇಳಿದರು. ಕನ್ನಡ ಅಂತ ತಿಳಿದುಕೊಂಡ ಆ್ಯಪ್ ಅದನ್ನು ಮೀನಿನ ಪುಡಿ ಮಾಡಿತು. "ಕಾಫಿ ಪುಡಿ ಆಯ್ತು, ಈಗ ಮೀನು ಪುಡಿಯಾ" ಅಂತ ಅವರು ಫೋನ್ ವಾಪಸ್ ಕೊಟ್ಟರು. ಆ್ಯಪ್‌ನ ಭಾಷೆಗಳ ಪಟ್ಟಿಯಲ್ಲಿ ಕೊಡವ ತಕ್ಕ್ ಇಲ್ಲ, ಇಲ್ಲಿನ ಗೌಡರು ಆಡುವ ಅರೆಭಾಷೆಯೂ ಇಲ್ಲ. ಕೊಡಗಿನಲ್ಲಿ ಮಾರಲು ಬರುವವರು ಇದನ್ನು ಗಮನಿಸಬೇಕು.

ಇಂಗ್ಲಿಷ್‌ನದು ಬೇರೆಯೇ ಸಮಸ್ಯೆ. ಅದು ನಮ್ಮ ಒಂದು ಹಿಡಿಯನ್ನು ಹತ್ತು ಕಡೆ ಚೆಲ್ಲುತ್ತೆ. ಬಸ್ಸಿಗೆ ಕ್ಯಾಚ್, ಹೊತ್ತಿಗೆ ಟೇಕ್, ಪಾತ್ರೆಗೆ ಹೋಲ್ಡ್, ಸಂಬಳಕ್ಕೆ ಡಿಡಕ್ಟ್, ತುಕ್ಕಿಗಂತೂ ಬೇರೆ ಕ್ರಿಯಾಪದವೇ ಬೇಡ, ರಸ್ಟ್ ಅನ್ನುವುದೇ ಕ್ರಿಯಾಪದ. ಅನೇಕ ಅನುವಾದ ಯಂತ್ರಗಳು ಒಂದು ಭಾರತೀಯ ಭಾಷೆಯಿಂದ ಇನ್ನೊಂದಕ್ಕೆ ನೇರ ಹೋಗದೆ ಇಂಗ್ಲಿಷ್ ಸುತ್ತಿಕೊಂಡು ಹೋಗುತ್ತಿದ್ದವು. ಇದು ಹಾಗೆ ಮಾಡುತ್ತಾ ಅಂತ ಎಲ್ಲೂ ಬರೆದಿಲ್ಲ, ಆದರೆ ಕೆಲವು ತಪ್ಪಿಗೆ ಇಂಗ್ಲಿಷ್ ವಾಸನೆ ಹೊಡೆಯುತ್ತೆ.

"ಗಿಡಕ್ಕೆ ತುಕ್ಕು ಹಿಡಿದಿದೆ" ಅಂದಾಗಂತೂ ಎಲ್ಲ ಭಾಷೆಯಲ್ಲೂ ಕೈ ಎತ್ತಿತು. ಕಾಫಿ ಬೆಳೆಗಾರರಿಗೆ ತುಕ್ಕು ಅಂದರೆ ಎಲೆ ಅಡಿಯಲ್ಲಿ ಬರುವ ಕಿತ್ತಳೆ ಬಣ್ಣದ ಪುಡಿ, ಶಿಲೀಂಧ್ರದ ರೋಗ, ಅರೇಬಿಕಾಕ್ಕೆ ಜಾಸ್ತಿ. ಅದಕ್ಕೇ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುವುದು. ಆ್ಯಪ್ ಗಿಡವನ್ನು ಕಬ್ಬಿಣ ಅಂದುಕೊಂಡಿತು. ಕೇಳಿದವನು ಗಿಡ ಕತ್ತರಿಸುವ ಕತ್ತಿಯ ವಿಷಯ ಅಂದುಕೊಂಡು ಕತ್ತಿ ತೊಳೆದು ಎಣ್ಣೆ ಸವರಿಟ್ಟ. ಅದೂ ಆಗಬೇಕಾದ ಕೆಲಸವೇ ಆಗಿತ್ತು, ನಾನು ಏನೂ ಹೇಳಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ ತಪ್ಪು ಬೇರೆ ಇದೆ. ಬೆಲೆ, ಇಳುವರಿ ಎರಡೂ ಏರುಪೇರಾಗುವ ಕಾಲದಲ್ಲಿ ನಮ್ಮ ಕಡೆ ಹೇಳುವ ಮಾತು: "ಕಾಫಿ ಕೈ ಕೊಟ್ಟಿತು, ಮೆಣಸು ಕೈ ಹಿಡಿಯಿತು." ಒಂದು ಮುಳುಗಿಸಿತು, ಇನ್ನೊಂದು ಕಾಪಾಡಿತು. ಅತ್ತಿತ್ತ ಓಡಾಡಿ ವಿವರ ಕೇಳುತ್ತಿದ್ದ ಒಬ್ಬ ಅತಿಥಿಗೆ ಇದನ್ನು ಆ್ಯಪ್ ಮೂಲಕ ಹೇಳಿದೆ. ಕಾಫಿ ತನ್ನ ಕೈ ಚಾಚಿತು, ಮೆಣಸು ಅದನ್ನು ಹಿಡಿದುಕೊಂಡಿತು ಅಂತ ಬಂತು. ಎರಡಕ್ಕೂ ಮದುವೆಯೇ ಆಗಿಹೋಯಿತು. ಅವರು ಅದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗಿನ ಕಾಫಿ ಗಿಡ ತೋರಿಸಿ ಹೌದೌದು ಅಂದರು. ಸರಿ ಮಾಡಿ ಹೇಳುವ ಮನಸ್ಸು ಬರಲಿಲ್ಲ.

ಇಷ್ಟೆಲ್ಲ ಆದ ಮೇಲೂ ಆ್ಯಪ್ ತೆಗೆದುಹಾಕಿಲ್ಲ. ಅದರ ಜೊತೆ ಮಾತಾಡುವ ರೀತಿ ಬದಲಾಯಿಸಿಕೊಂಡಿದ್ದೇನೆ. "ಅನ್ನು" ನುಂಗದೆ ಹೇಳುತ್ತೇನೆ, ಯಾರು ಹಿಡಿದರು ಅಂತ ಎದುರಿಗೇ ಇಡುತ್ತೇನೆ: "ನಿಮ್ಮ ಕಾಲನ್ನು ಜಿಗಣೆ ಕಚ್ಚುತ್ತಿದೆ". ಮಳೆ ನಿಲ್ಲುತ್ತಿಲ್ಲ, ಸೊಂಟ ನೋಯುತ್ತಿದೆ, ಅನ್ನ ಸೀದಿದೆ. "ಅಜ್ಜಿ ಹಾಸಿಗೆ ಹಿಡಿದಿದ್ದಾರೆ" ಅಂತ ಹೇಳುವ ಬದಲು ಅಜ್ಜಿಗೆ ಎದ್ದು ಓಡಾಡಲು ಆಗುವುದಿಲ್ಲ ಅನ್ನುತ್ತೇನೆ, ಇಲ್ಲದಿದ್ದರೆ ಅವರು ಹಾಸಿಗೆಯನ್ನು ಕೈಯಲ್ಲಿ ಎತ್ತಿಕೊಂಡು ನಿಲ್ಲುತ್ತಾರೆ. ಕೆಲಸ ಆಗುತ್ತೆ. ಆದರೆ ಹಾಗೆ ಮಾತಾಡಿ ಮಾತಾಡಿ ನನ್ನ ಕನ್ನಡ ಸರ್ಕಾರಿ ಅರ್ಜಿಯ ಕನ್ನಡ ಆಗುತ್ತಿದೆ ಅಂತ ಮಗಳು ಬೈಯುತ್ತಾಳೆ.

ಕುತೂಹಲಕ್ಕೆ ಕಿಟೆಲ್ ನಿಘಂಟು ತೆಗೆದೆ. ಮಂಗಳೂರಿನ ಬಾಸೆಲ್ ಮಿಷನ್‌ನವರು 1894ರಲ್ಲಿ ಅಚ್ಚು ಹಾಕಿದ್ದು. ಕಿಟೆಲ್ ಸ್ವಲ್ಪ ಕಾಲ ಮಡಿಕೇರಿಯಲ್ಲೂ ಇದ್ದವರು, ನಮ್ಮ ಮಳೆ ಕಂಡವರು. "ಹಿಡಿ" ಅನ್ನುವಲ್ಲಿ ಅವರು ಒಂದೇ ಅರ್ಥ ಬರೆದು ಮುಂದೆ ಹೋಗಿಲ್ಲ, ಬಿಡಿಸಿ ಬಿಡಿಸಿ ಕೊಟ್ಟಿದ್ದಾರೆ. ಬೇರೆ ನಾಡಿನಿಂದ ಬಂದು, ಜನರ ಬಾಯಿಂದ ಕೇಳಿ ಕೇಳಿ ಮಾಡಿದ ಕೆಲಸ. ಈಗ ಅದರ ಸ್ಕ್ಯಾನ್ ಪ್ರತಿ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತೆ. ಆ್ಯಪ್ ಮಾಡಿದವರಿಗೂ ಸಿಗುತ್ತೆ.

ಇನ್ನು ಚಿಲ್ಲರೆ ವಿಷಯ. ಆಫ್‌ಲೈನ್ ಪ್ಯಾಕ್ ಇಳಿಸಿಕೊಳ್ಳಿ, ಮಳೆಗಾಲದಲ್ಲಿ ಟವರ್ ನಂಬಿ ಕೂತರೆ ಆಗುವುದಿಲ್ಲ. ಆದರೆ ಆಫ್‌ಲೈನ್‌ನಲ್ಲಿ ತಪ್ಪು ಜಾಸ್ತಿ, "ನಿಮಗೆ ರೂಮ್ ಹಿಡಿಸಿತಾ" ಅಂದರೆ ರೂಮಿನಲ್ಲಿ ಎಷ್ಟು ಜನ ಹಿಡಿಸುತ್ತಾರೆ ಅಂತ ತಿಳಿಯುತ್ತೆ. ಮಾಡಿನ ಮೇಲೆ ಮಳೆ ಬಡಿಯುವಾಗ ಮೈಕ್ ಏನೂ ಕೇಳಿಸಿಕೊಳ್ಳುವುದಿಲ್ಲ, ಟೈಪೇ ಗತಿ. ಬ್ಯಾಟರಿ ತಿನ್ನುತ್ತೆ, ಕರೆಂಟ್ ಹೋದ ದಿನ ಜೋಪಾನ. ತಪ್ಪು ತಿದ್ದಿ ಕಳಿಸಿ ಅನ್ನುವ ಬಟನ್ ಇದೆ, ಎಲೆ ತುಕ್ಕಿನಿಂದ ಶುರುಮಾಡಿ ಹಲವನ್ನು ಕಳಿಸಿದ್ದೇನೆ, ಇನ್ನೂ ಗಿಡ ಕಬ್ಬಿಣದ್ದೇ.

ಹೋಂಸ್ಟೇ ಅಡುಗೆಮನೆಗೆ ನಾಲ್ಕು ಸ್ಟಾರ್, ಬಾಂಗ್ಲಾ ಮಲಯಾಳಕ್ಕೂ ಅಷ್ಟೇ ಕೊಡಬಹುದು. ತೋಟದ ಹಿಂದಿಗೆ ಎರಡು. ಅಸ್ಸಾಮಿ ಆಫ್‌ಲೈನ್ ಪ್ಯಾಕ್ ನನ್ನ ಫೋನಿನಲ್ಲಿ ಕೂರುತ್ತಿಲ್ಲ, ಜಾಗ ಸಾಲುತ್ತಿಲ್ಲ ಅನ್ನುತ್ತೆ. ಯಾರಾದರೂ ಹಾಕಿಕೊಂಡವರಿದ್ದರೆ ಅದರಲ್ಲಿ "ಕಾಯಿ ಹಿಡಿದಿದೆ" ಅಂತ ಹೇಳಿ ನೋಡಿ, ಏನು ಬಂತು ಅಂತ ತಿಳಿಸಿ. ಕೊಯ್ಲಿಗೆ ಅಲ್ಲಿಂದ ಇನ್ನಷ್ಟು ಜನ ಬರುವವರಿದ್ದಾರೆ.